ಕೊಟ್ಟಿಗೆ ಸೂರಿನಲ್ಲಿ ನಡೆದ ಪರೀಕ್ಷೆ

ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದ ನೆಂಟರು ರಾತ್ರಿ ಬಚ್ಚಲೊಲೆಯ ಮುಂದೆ ಮೈ ಕಾಯಿಸಲು ಕೂತರೆಂದರೆ ಯಾರಾದರೊಬ್ಬರು ಸೂರಿನ ಮಾತು ತೆಗೆದೇ ತೆಗೆಯುತ್ತಾರೆ. ಹೊರಗೆ ಅಷ್ಟು ಹೊಡೆಯುತ್ತಿದ್ದರೂ ಜಗಲಿಗೆ ಎರಚಲಿಲ್ಲ, ಸೂರಿನ ನೀರು ಹಿಡಿಯುವ ದಂಬೆ ಕಟ್ಟಿಕೊಂಡಿಲ್ಲ, ಗೋಡೆಗೆ ಏಣಿ ಒರಗಿಲ್ಲ. ಇದಕ್ಕೆ ಎಂಥ ಹಾಕಿಸಿದ್ದೀರಿ, ಎಲ್ಲಿ ಸಿಗುತ್ತದೆ, ಅಡಿಗೆ ಎಷ್ಟು ಬೀಳುತ್ತದೆ ಎಂದು ಕೇಳುತ್ತಾರೆ. ಅಮ್ಮ ಕೆಂಡದಲ್ಲಿ ಹಲಸಿನ ಬೀಜ ಹೊರಳಿಸುತ್ತ, "ಅದೊಂದು ದೊಡ್ಡ ಕಥೆ, ಇವನನ್ನೇ ಕೇಳಿ" ಅನ್ನುತ್ತಾಳೆ. ಕಥೆ ನಿಜಕ್ಕೂ ದೊಡ್ಡದೇ. ಬೀಜ ಸುಟ್ಟು ಸಿಪ್ಪೆ ಬಿಡಿಸುವಷ್ಟರಲ್ಲಿ ಮುಗಿಯುವಂಥದಲ್ಲ.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಹಳೆಯ ಬಿದನೂರು ನಗರದಿಂದ ಘಟ್ಟದ ಕಡೆಗೆ ಸರಿದ ಒಂದು ಮೂಲೆಯಲ್ಲಿ. ಮಳೆ ಎಂದರೆ ಎಲ್ಲರೂ ಆಗುಂಬೆಯ ಹೆಸರು ಹೇಳುತ್ತಾರೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಬೀಳುತ್ತದೆ. ನಮ್ಮದು ಅಷ್ಟಿಲ್ಲ. ಆದರೂ ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆಯನ್ನು ಇಲ್ಲಿ ಆರಿದ್ರಾ, ಪುನರ್ವಸು ಮಳೆ ನಕ್ಷತ್ರಗಳೆರಡೇ ಸೇರಿ ಸುರಿದು ಮುಗಿಸಿಬಿಡುತ್ತವೆ.

ಅಜ್ಜನ ಕಾಲದ ಸೋಗೆ ಮಾಡಿಗೆ ದಂಬೆ ಇರಲಿಲ್ಲ. ನೀರು ಸೂರಿನುದ್ದಕ್ಕೂ ಹರಡಿ ಇಳಿಯುತ್ತಿತ್ತು, ಕೆಳಗೆ ಕಲ್ಲು ಹಾಸಿದ ಕಾಲುವೆ ಇತ್ತು, ಅಷ್ಟೇ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯ ಕಸುಬು ಘಟ್ಟ ಹತ್ತಿ ನಮ್ಮ ಮನೆಯ ಮಾಡು ತಲುಪುವುದಕ್ಕೆ ಬಹಳ ಕಾಲ ಹಿಡಿಯಿತು. ಹಂಚು ಬಂದ ಮೇಲೆ ನೀರಿನ ಗತಿಯೇ ಬೇರೆಯಾಯಿತು. ಹಂಚಿನ ಮೈಮೇಲೆ ಕಾಲುವೆಗಳಿರುತ್ತವೆ. ಮಾಡಿನ ಇಳಿಜಾರಿನಲ್ಲಿ ವೇಗ ಹಿಡಿದ ನೀರು ಆ ಕಾಲುವೆಗಳಲ್ಲೇ ಓಡಿಬಂದು ಸೂರಂಚಿನಲ್ಲಿ ಒಂದೊಂದೂ ಬೇರೆ ಬೇರೆ ಧಾರೆಯಾಗಿ ಹಾರುತ್ತದೆ. ಈ ಧಾರೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಇದರದೇ.

ಧಾರೆ ಅಂಗಳಕ್ಕೆ ಬಿದ್ದರೆ ಕೆಸರೆದ್ದು ಮಣ್ಣಿನ ಗೋಡೆಗೆ ಹೊಡೆಯುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಬಾಗಿಲೆದುರು ಓಡಾಡುವ ಜಾಗಕ್ಕೆ ಮಾತ್ರ ಅಡಿಕೆ ಮರ ಸೀಳಿ, ತಿರುಳು ತೆಗೆದ ದಂಬೆಯನ್ನು ಸೂರಿಗೆ ಬಳ್ಳಿಯಿಂದ ಬಿಗಿಯುತ್ತಿದ್ದರು. ನಾಲ್ಕಾರು ಮಳೆಗಾಲಕ್ಕೆ ಅದು ಕುಂಬಾಗುತ್ತಿತ್ತು, ಮತ್ತೊಂದು ಮರ ಸೀಳಿದರಾಯಿತು. ಆಮೇಲೆ ತಗಡಿನ ದಂಬೆ ಬಂತು. ಅದು ತುಕ್ಕು ಹಿಡಿದ ಮೇಲೆ ಅಪ್ಪಯ್ಯ ಮನೆಯ ನಾಲ್ಕೂ ಸುತ್ತಿಗೆ ಪಿವಿಸಿ ದಂಬೆ ಹಾಕಿಸಿದರು. ಕಾರಣ ಬಾವಿ. ಇಷ್ಟು ಮಳೆ ಬೀಳುವ ಊರಿನಲ್ಲಿ ಏಪ್ರಿಲ್ ಬಂದರೆ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ ಎಂದರೆ ಬಯಲುಸೀಮೆಯವರು ನಗುತ್ತಾರೆ. ಆದರೆ ಗುಡ್ಡದ ಮೇಲೆ ಬಿದ್ದ ನೀರು ಗುಡ್ಡದಲ್ಲಿ ನಿಲ್ಲುವುದಿಲ್ಲ, ನಮ್ಮಲ್ಲಿ ಅದೇ ಕಷ್ಟ. ಅಪ್ಪಯ್ಯ 'ಅಡಿಕೆ ಪತ್ರಿಕೆ'ಯ ಹಳೆಯ ಓದುಗರು. ಶ್ರೀ ಪಡ್ರೆಯವರು ನೀರಿನ ಬಗ್ಗೆ ಬರೆದದ್ದನ್ನೆಲ್ಲ ಕತ್ತರಿಸಿ ಇಟ್ಟುಕೊಂಡವರು. ಮಾಡಿನ ನೀರನ್ನು ಮರಳು, ಜಲ್ಲಿ, ಇದ್ದಿಲು ತುಂಬಿದ ತೊಟ್ಟಿಯಲ್ಲಿ ಸೋಸಿ ಬಾವಿಗೆ ಬಿಡುವ ಏರ್ಪಾಡು ಹಾಗೆ ಆಯಿತು.

ಏರ್ಪಾಡು ಚೆನ್ನಾಗಿತ್ತು. ಆದರೆ ಮನೆಯ ಸುತ್ತ ಮರಗಳಿದ್ದವು. ಮೂಡು ದಿಕ್ಕಿಗೆ ಅಜ್ಜ ನೆಟ್ಟ ಹಲಸು, ಹಿತ್ತಿಲಿಗೆ ಬಿದಿರು ಮೆಳೆ, ರಸ್ತೆಯಾಚೆ ಅರಣ್ಯ ಇಲಾಖೆಯ ಅಕೇಶಿಯಾ ನೆಡುತೋಪು, ಬಾವಿಕಟ್ಟೆಯ ಪಕ್ಕ ತೆಂಗು. ಒಂದು ಮರ ಎಲೆ ಉದುರಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಶುರು ಮಾಡುತ್ತದೆ. ನಮ್ಮ ಮಾಡಿಗೆ ಏನಾದರೊಂದು ಬೀಳದ ದಿನವೇ ವರ್ಷದಲ್ಲಿಲ್ಲ.

ಇನ್ನು ಆ ರಾತ್ರಿಯ ಸಂಗತಿ. 2019ರ ಆಗಸ್ಟ್ ಮೊದಲ ವಾರ, ಆಶ್ಲೇಷ ಆಗಷ್ಟೇ ಹುಟ್ಟಿತ್ತು. ಕೊಡಗಿನಿಂದ ಬೆಳಗಾವಿಯವರೆಗೆ ಹೊಳೆಗಳೆಲ್ಲ ದಂಡೆ ಮೀರಿದ ವಾರ ಅದು, ನಿಮಗೂ ನೆನಪಿರಬಹುದು. ಕರೆಂಟು ಹೋಗಿತ್ತು, ಫೋನೂ ಸತ್ತಿತ್ತು. ಊಟ ಮುಗಿಸಿ ಮಲಗುವ ಹೊತ್ತಿಗೆ ಅಟ್ಟದ ಮೇಲೆ ತಟಕ್ ತಟಕ್ ಸದ್ದು ಕೇಳಿತು. ಮೊದಲು ಇಲಿ ಎಂದುಕೊಂಡೆವು. ಅಮ್ಮ ದೀಪ ಹಿಡಿದು ಹತ್ತಿ ನೋಡಿದರೆ ಗೋಡೆಯ ನೆತ್ತಿಯಿಂದ ನೀರು ಇಳಿದು ಚಾಲಿ ಅಡಿಕೆಯ ಚೀಲಗಳ ಬುಡಕ್ಕೆ ಹೋಗುತ್ತಿತ್ತು.

ದೊಡ್ಡ ಮಾಡೂ ಅಡುಗೆಮನೆಯ ಮಾಡೂ ಸೇರುವ ಒಳಮೂಲೆಯಲ್ಲಿ ಎರಡೂ ಕಡೆಯ ನೀರು ಒಟ್ಟಿಗೆ ಬರುತ್ತದೆ. ಅಲ್ಲಿಯ ದಂಬೆ ಎಲೆ ತುಂಬಿ ಕಟ್ಟಿಕೊಂಡಿತ್ತು. ನೀರಿಗೆ ಮುಂದೆ ಹೋಗಲು ದಾರಿಯಿಲ್ಲ. ಹೊರಗೆ ಚೆಲ್ಲಿದ್ದರೆ ಅಂಗಳ ಕೆಸರಾಗಿ ಮುಗಿಯುತ್ತಿತ್ತು. ನಮ್ಮ ದಂಬೆಯ ಹೊರತುಟಿ ಒಳತುಟಿಗಿಂತ ಎತ್ತರವಿತ್ತು, ಹಾಗಾಗಿ ನೀರು ಹಿಂದಕ್ಕೆ ಏರಿ ಸೂರಿನ ಹಂಚಿನ ಅಡಿಯಿಂದ ಗೋಡೆಗೆ ನುಗ್ಗಿತು. ದಂಬೆ ಕಟ್ಟುವಾಗ ಹೊರಗಿನ ತುಟಿ ಒಂದು ಬೆರಳು ತಗ್ಗಿರಬೇಕು ಎಂಬ ಸಣ್ಣ ವಿಚಾರವನ್ನು ಬಹಳ ಕೆಲಸಗಾರರು ಗಮನಿಸುವುದಿಲ್ಲ. ನೋಡಲು ಚಂದ ಎಂದು ಹೊರಗೇ ಎತ್ತರ ಬಿಡುತ್ತಾರೆ.

ಅಪ್ಪಯ್ಯನಿಗೆ ಆಗ ಎಪ್ಪತ್ತು ದಾಟಿತ್ತು. ನಾವು ಹಗ್ಗ ಹುಡುಕುವಷ್ಟರಲ್ಲಿ ಕಂಬಳಿ ಕೊಪ್ಪೆ ಹಾಕಿ, ಟಾರ್ಚು ಬಾಯಲ್ಲಿ ಕಚ್ಚಿ, ಏಣಿ ಹತ್ತಿಬಿಟ್ಟಿದ್ದರು. ಕೈ ಹಾಕಿ ಎಲೆ ಎಳೆದರು, ನೀರು ಭುಸ್ಸೆಂದು ಹರಿಯಿತು, ಅದೇ ಗಳಿಗೆಯಲ್ಲಿ ಅಂಗಳದ ಹಾವಸೆಯ ಮೇಲೆ ಏಣಿಯ ಕಾಲು ಜಾರಿತು. ಅಪ್ಪಯ್ಯ ಪಕಾಸಿ ಹಿಡಿದು ನೇತಾಡಿದರು. ನಾನೂ ಚಿಕ್ಕಪ್ಪನೂ ಕಾಲು ಹಿಡಿದು ಇಳಿಸಿಕೊಂಡೆವು. ಅಂಗೈ ಹರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಒಳಗೆ ಬಂದ ಮೇಲೆ ಅಜ್ಜಿ ಒಂದೇ ಮಾತು ಹೇಳಿದರು: "ಇನ್ನು ಮಳೆಯಲ್ಲಿ ಏಣಿ ಹತ್ತಿದವರಿಗೆ ಈ ಮನೆಯಲ್ಲಿ ಅನ್ನವಿಲ್ಲ." ತೊಂಬತ್ತರ ಹತ್ತಿರದ ಅಜ್ಜಿಯ ಮಾತನ್ನು ನಮ್ಮಲ್ಲಿ ಯಾರೂ ತೆಗೆದುಹಾಕುವುದಿಲ್ಲ. ನೆನೆದ ಚಾಲಿ ಬೂಸ್ಟು ಹಿಡಿದು ಕೀಳು ದರ್ಜೆಯ ಕೋಕದ ದರಕ್ಕೆ ಹೋಯಿತು.

ಏಣಿ ಹತ್ತುವ ಹಾಗಿಲ್ಲ ಎಂದ ಮೇಲೆ ದಂಬೆಗೆ ಎಲೆ ಬೀಳದ ಹಾಗೆ ಏನಾದರೂ ಹೊದಿಸಬೇಕು. ಅಲ್ಲಿಂದ ಶುರುವಾಯಿತು ನೋಡಿ. ಮನೆಯಲ್ಲಿದ್ದ ಒಬ್ಬೊಬ್ಬರಿಗೂ ಒಂದೊಂದು ಮತ.

ಅಕ್ಕ, ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಭಾವ ತಮ್ಮ ಮನೆಯ ಸೂರನ್ನೇ ತೋರಿಸಿದರು. ಅಲ್ಲಿ ಗಟರ್ ಗಾರ್ಡ್ ಎಂಬುದು ದೊಡ್ಡ ವ್ಯಾಪಾರ. ಅಕ್ಟೋಬರ್, ನವೆಂಬರ್ ಬಂತೆಂದರೆ ಓಕ್, ಮೇಪಲ್ ಮರಗಳು ಎಲೆ ಉದುರಿಸುತ್ತವೆ, ಹಿಮ ಬೀಳುವುದರೊಳಗೆ ಗಟರ್ ತೆರವಾಗಬೇಕು. ಭಾವ ಹಾಕಿಸಿದ್ದು ಮೈಕ್ರೋ ಮೆಶ್, ಅಂದರೆ ಕೂದಲೆಳೆಯಷ್ಟು ತೆಳ್ಳನೆಯ ಸ್ಟೀಲ್ ತಂತಿಯ ಬಲೆ. "ಪೈನ್ ಮರದ ಸೂಜಿ ಎಲೆಯೂ ಒಳಗೆ ಹೋಗುವುದಿಲ್ಲ" ಎಂದು ಹೇಳಿದರು. ಅದು ಸುಳ್ಳಲ್ಲ. ಆದರೆ ನ್ಯೂಜೆರ್ಸಿಗೆ ವರ್ಷವಿಡೀ ಹಂಚಿಕೊಂಡು ಬೀಳುವ ಮಳೆ ಸುಮಾರು 1,200 ಮಿಲಿಮೀಟರು. ನಮಗೆ ಅಷ್ಟು ಜುಲೈ ಒಂದಕ್ಕೇ ಆದೀತು.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಕಪ್ಪು ಸ್ಪಂಜಿನ ಉದ್ದುದ್ದ ತುಂಡುಗಳಿದ್ದವು. ದಂಬೆಯೊಳಗೆ ತುರುಕಿದರಾಯಿತು, ನೀರು ಸೋಸಿಕೊಂಡು ಹೋಗುತ್ತದೆ, ಎಲೆ ಮೇಲೇ ಉಳಿಯುತ್ತದೆ. "ಇದನ್ನು ಹಾಕಿದ ಮೇಲೆ ಮತ್ತೆ ತಲೆಯೆತ್ತಿ ನೋಡುವುದೇ ಬೇಡ ಸಾರ್" ಎಂದು ಅಂಗಡಿಯವನು ಹೇಳಿದ. ಸೂರಿನ ವಿಷಯದಲ್ಲಿ ತಲೆಯೆತ್ತಿ ನೋಡುವುದೇ ಬೇಡ ಎನ್ನುವವನನ್ನು ನಾನು ಆವತ್ತಿನಿಂದ ನಂಬುವುದಿಲ್ಲ. ಚಿಕ್ಕಪ್ಪನದು ಸ್ವದೇಶಿ ಮತ: ತೆಂಗಿನ ನಾರಿನ ಹುರಿಯನ್ನು ತಂತಿಗೆ ಸುತ್ತಿ ದಪ್ಪ ಬ್ರಷ್ಷು ಮಾಡಿ ದಂಬೆಯೊಳಗೆ ಉದ್ದಕ್ಕೆ ಮಲಗಿಸುವುದು. ಪೇಟೆಯ ವೆಲ್ಡಿಂಗ್ ಶಾಪಿನವನು ತಗಡಿನ ಮುಚ್ಚಳ ಮಾಡಿಕೊಡುತ್ತೇನೆಂದ. ಮುಚ್ಚಳದ ಮುಂದಂಚು ದುಂಡಗೆ ಒಳಕ್ಕೆ ಬಾಗಿರುತ್ತದೆ. ನೀರು ಆ ದುಂಡಿಗೆ ಅಂಟಿಕೊಂಡು ತಿರುಗಿ ದಂಬೆಗೆ ಇಳಿಯುತ್ತದೆ, ಎಲೆ ನೇರ ಹಾರಿ ಕೆಳಗೆ ಬೀಳುತ್ತದೆ ಎಂದು ಲೆಕ್ಕ. ಅಮ್ಮ ಕೋಳಿಗೂಡಿಗೆ ಹಾಕುವ ಜಾಲರಿ ಸಾಕು, ಇಷ್ಟಕ್ಕೆಲ್ಲ ದುಡ್ಡು ಸುರಿಯಬೇಡಿ ಎಂದಳು. ಅಜ್ಜಿ ದಂಬೆಯೇ ಬೇಡ, ಕಿತ್ತು ಬಿಸಾಕಿ ಎಂದರು. ನನಗೇನೋ ಅಜ್ಜಿಯ ಮಾತೇ ಎಲ್ಲಕ್ಕಿಂತ ತೂಕದ್ದು ಅನ್ನಿಸಿತ್ತು. ಬಾವಿಗೆ ನೀರು ಬೇಡವಾಗಿದ್ದರೆ ಇವತ್ತಿಗೂ ಅದನ್ನೇ ಮಾಡುತ್ತಿದ್ದೆವು.

ಯಾವುದೂ ತೀರ್ಮಾನವಾಗದೆ ಚಳಿಗಾಲ ಕಳೆಯಿತು. ಅಡಿಕೆ ಕೊಯ್ಲು ಮುಗಿಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಚಿಕ್ಕಪ್ಪನ ಮಗ, ನನ್ನ ತಮ್ಮ, ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ. ಬೆಳಿಗ್ಗೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ, ಸಂಜೆ ಕೈ ಖಾಲಿ. ಮನೆಯವರ ಜಗಳ ಕೇಳಿ ಕೇಳಿ ಅವನೇ ಒಂದು ದಿನ, "ದೊಡ್ಡಪ್ಪಾ, ಕೊಟ್ಟಿಗೆಯ ದಂಬೆ ಹೇಗೂ ಉದ್ದಕ್ಕಿದೆ. ಅದನ್ನೇ ತುಂಡು ಮಾಡಿ ಹಂಚಿಬಿಡೋಣ. ಯಾರದು ನಿಲ್ಲುತ್ತದೋ ಅದು ಮನೆಗೆ" ಎಂದ. ಅಪ್ಪಯ್ಯನಿಗೆ ಬಹಳ ಹಿಡಿಸಿತು. ತಾನೇ ಹಾಕಿ ನೋಡದ್ದನ್ನು ನಂಬಬಾರದು ಎಂಬುದು ಅವರಿಗೆ ಮೊದಲಿನಿಂದಲೂ ಇದ್ದ ಹಟ.

ಕೊಟ್ಟಿಗೆಯ ಮೇಲೂ ಅದೇ ಹಲಸು, ಅದೇ ಬಿದಿರು. ದಂಬೆಯ ಮೇಲೆ ಪೇಂಟಿನಿಂದ ಗೆರೆ ಎಳೆದು ಪಾಲು ಮಾಡಿದೆವು. ಮೇ ತಿಂಗಳಲ್ಲಿ ನಿರ್ಬಂಧ ಸಡಿಲವಾಗಿ ಅಂಗಡಿ ಬಾಗಿಲು ತೆರೆದ ಮೇಲೆ ಸಾಮಾನು ತಂದದ್ದಾಯಿತು. ಅಮೆರಿಕದ ಮೈಕ್ರೋ ಮೆಶ್ ತರಿಸುವ ಹಾಗಿರಲಿಲ್ಲ. ಕಿಟಕಿಗೆ ಹಾಕುವ ಸ್ಟೀಲಿನ ಸೊಳ್ಳೆ ಜಾಲರಿಯೇ ಹೆಚ್ಚುಕಡಿಮೆ ಅದು, ಅದನ್ನೇ ಚೌಕಟ್ಟಿಗೆ ಬಿಗಿದು ಭಾವನ ಪಾಲಿಗೆ ಕೂರಿಸಿದೆವು. ಒಂದು ಪಾಲನ್ನು ಏನೂ ಹಾಕದೆ ಅಜ್ಜಿಯ ಹೆಸರಿಗೆ ಬಿಟ್ಟೆವು. ಪ್ರತಿ ಪಾಲಿನ ಕೆಳಗೆ ನೆಲದಲ್ಲಿ ಒಂದೊಂದು ಬಕೆಟ್ಟು. ದಂಬೆಗೆ ಇಳಿಯದೆ ಹಾರಿದ ನೀರು ಅದರಲ್ಲಿ ಬೀಳಬೇಕು. ತಮ್ಮ ಒಂದು ಪುಸ್ತಕ ಇಟ್ಟು ದಿನಾ ಬರೆಯುತ್ತಿದ್ದ.

ಮೊದಲ ಸುತ್ತಿನಲ್ಲೇ ಒಬ್ಬರು ಸೋತರು, ಮಳೆ ಬರುವ ಮೊದಲೇ. ಮಂಗಗಳು ಬಂದು ಸ್ಪಂಜನ್ನು ಚೂರು ಚೂರು ಕಿತ್ತು ಅಂಗಳಕ್ಕೆಲ್ಲ ಎಸೆದು ಹೋದವು. ತಮ್ಮ ಮತ್ತೆ ತುಂಡು ತುರುಕಿ ಮೇಲೆ ತಂತಿ ಬಿಗಿದ.

ರೋಹಿಣಿಯ ಗುಡುಗು ಮಳೆಯಲ್ಲಿ ಭಾವನ ಜಾಲರಿ ಎಲ್ಲರನ್ನೂ ಮೀರಿಸಿತು. ಎಲೆಯೆಲ್ಲ ಮೇಲೇ ಒಣಗಿ ಗಾಳಿಗೆ ಹಾರಿತು, ದಂಬೆಯೊಳಗೆ ಒಂದು ಕಡ್ಡಿಯಿಲ್ಲ. ಭಾವ ಆ ರಾತ್ರಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ತಗಡಿನ ಮುಚ್ಚಳವೂ ಚೆನ್ನಾಗಿಯೇ ನಡೆಯಿತು, ನೀರು ದುಂಡಂಚಿಗೆ ಅಂಟಿಕೊಂಡು ಒಳಕ್ಕೆ ತಿರುಗುವುದನ್ನು ನೋಡುವುದೇ ಒಂದು ಖುಷಿ. ನಾರಿನ ಬ್ರಷ್ಷೂ ತಕರಾರು ತೆಗೆಯಲಿಲ್ಲ.

ಆರಿದ್ರಾದ ಹೊತ್ತಿಗೆ ಪುಸ್ತಕದ ಲೆಕ್ಕ ತಿರುಗಿತು. ಹಂಚಿನ ಮೇಲೆ ಬೇಸಿಗೆಯಿಡೀ ಕೂತಿದ್ದ ದೂಳು, ಹಂಚಿನದೇ ಪುಡಿ, ಒಣಗಿದ ಹಾವಸೆ ಎಲ್ಲ ತೊಳೆದು ಬಂದು ಸೊಳ್ಳೆ ಜಾಲರಿಯ ಸಣ್ಣ ಕಣ್ಣುಗಳಲ್ಲಿ ಕೂತುಕೊಂಡವು. ಸಣ್ಣ ಕಣ್ಣಿಗೆ ಇನ್ನೊಂದು ಕಾಯಿಲೆಯೂ ಇದೆ: ನೀರೇ ಅದರಲ್ಲಿ ತೆಳು ಪೊರೆ ಕಟ್ಟಿ ನಿಂತುಬಿಡುತ್ತದೆ. ಹಿಂದಿನಿಂದ ಬಂದ ಧಾರೆ ಆ ಪೊರೆಯ ಮೇಲೆ ಜಾರಿಕೊಂಡು ದಂಬೆ ದಾಟಿ ನೇರ ಬಕೆಟ್ಟಿಗೆ. ದಂಬೆಯೊಳಗೆ ಕಸವಿಲ್ಲ ನಿಜ, ನೀರೂ ಇಲ್ಲ. ಭಾವನ ಪಾಲಿನ ಬಕೆಟ್ಟು ಬೇಗ ತುಂಬುತ್ತಿತ್ತು.

ತಗಡಿನ ಮುಚ್ಚಳದ್ದೂ ಅದೇ ಕಥೆ, ಕಾರಣ ಬೇರೆ. ನೀರು ದುಂಡಂಚಿಗೆ ಅಂಟಬೇಕಾದರೆ ನಿಧಾನ ಬರಬೇಕು. ನಮ್ಮ ಮಾಡುಗಳ ಇಳಿಜಾರು ಕಡಿದು. ಹಂಚಿನ ಕಾಲುವೆಯಲ್ಲಿ ಓಡಿಬಂದ ಧಾರೆಗೆ ತಿರುಗುವ ವ್ಯವಧಾನ ಎಲ್ಲಿ? ಸಣ್ಣ ಮಳೆಗೆ ಒಳಗೆ, ದೊಡ್ಡ ಮಳೆಗೆ ಹೊರಗೆ. ನಮಗೆ ಬೇಕಾದದ್ದು ಸರಿಯಾಗಿ ಇದರ ತಿರುವುಮುರುವು.

ಅಮ್ಮನ ಕೋಳಿ ಜಾಲರಿಯ ಮೇಲೆ ಹಲಸಿನ ಎಲೆಗಳು ಊಟಕ್ಕೆ ಎಲೆ ಹಾಕಿದ ಹಾಗೆ ಸಾಲಾಗಿ ಮಲಗಿದವು. ದಪ್ಪ ಎಲೆ, ಒದ್ದೆಯಾದರೆ ಗಾಳಿಗೂ ಏಳುವುದಿಲ್ಲ. ಭಾರಕ್ಕೆ ಜಾಲರಿ ನಡುವೆ ಜೋತುಬಿತ್ತು, ಜೋತಲ್ಲಿ ಇನ್ನಷ್ಟು ಎಲೆ ಕೂತವು. ಬಿದಿರಿನ ಎಲೆ ಮಾತ್ರ ತೊಟ್ಟು ಕೆಳಗೆ ಮಾಡಿ ಅದರ ಕಣ್ಣುಗಳಲ್ಲಿ ಸರಾಗ ಇಳಿದು ಕೆಳಗೆ ಒಂದರ ಮೇಲೊಂದು ಹೆಣೆದುಕೊಂಡಿತು.

ಸ್ಪಂಜಿನ ವಿಷಯ ಹೇಳದಿದ್ದರೆ ಒಳ್ಳೆಯದು. ಹಾವಸೆ ಬೆಳೆಯಿತು, ಅದರ ಮೇಲೆ ಅರಳಿ ಸಸಿ ಹುಟ್ಟಿತು. ಮಳೆ ಬಿಟ್ಟ ದಿನ ಹಿಂಡಿ ನೋಡಿದರೆ ಒಳಗೆ ನೀರು ಹಾಗೇ ಇತ್ತು. ನೀರು ನಿಂತಲ್ಲಿ ಸೊಳ್ಳೆ, ಡೆಂಗ್ಯೂ ಕಾಲದಲ್ಲಿ ಇದನ್ನು ದುಡ್ಡು ಕೊಟ್ಟು ಮನೆಯ ತಲೆಯ ಮೇಲೆ ಇಟ್ಟುಕೊಳ್ಳಬೇಕೇ?

ಚಿಕ್ಕಪ್ಪನ ನಾರಿನ ಬ್ರಷ್ಷು ಎಲ್ಲರೂ ಎಣಿಸಿದ್ದಕ್ಕಿಂತ ಚೆನ್ನಾಗಿ ನಿಂತಿತು. ನೀರು ಬಿಟ್ಟುಕೊಡುತ್ತಿತ್ತು, ಹಲಸಿನ ಎಲೆ ಮೇಲೆ ಉಳಿಯುತ್ತಿತ್ತು. ಆದರೆ ಬಿದಿರೆಲೆಯೂ ಅಕೇಶಿಯಾದ ಕುಡುಗೋಲಿನಾಕಾರದ ಎಲೆಯೂ ನಾರಿನೊಳಗೆ ಸಿಕ್ಕಿಕೊಂಡು ಬಿಡಿಸಲಾಗದ ಹಾಗಾದವು. ತೆಗೆದು ಕೊಡವಿದರೆ ಬೀಳುವುದಿಲ್ಲ, ಒಂದೊಂದೇ ಕೈಯಲ್ಲಿ ಕೀಳಬೇಕು. ಚಿಕ್ಕಮ್ಮ ಒಮ್ಮೆ ಜಗಲಿಯಲ್ಲಿ ಕೂತು ಕಿತ್ತರು, ಎರಡನೆಯ ಸಲ ಬ್ರಷ್ಷನ್ನೇ ಒಲೆಗೆ ಹಾಕಿದರು. ಚಿಕ್ಕಪ್ಪ ಈಗಲೂ ತನ್ನದು ಸೋತದ್ದಲ್ಲ, ಸುಟ್ಟದ್ದು ಎಂದೇ ವಾದಿಸುತ್ತಾರೆ.

ಆಗಸ್ಟ್ ಬಂತು. ತಲಕಾವೇರಿಯಲ್ಲಿ ಗುಡ್ಡ ಕುಸಿದ ವಾರ ನಮ್ಮಲ್ಲೂ ಬಿಡದೆ ಹೊಡೆಯಿತು. ತಮ್ಮ ಛತ್ರಿ ಹಿಡಿದು ಕೊಟ್ಟಿಗೆಯೆದುರು ನಿಂತು ಲೆಕ್ಕ ಹಾಕಿದ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ದೊಡ್ಡ ಮನೆಯ ಮಾಡು ಸುಮಾರು 150 ಚದರ ಮೀಟರು. ಗಂಟೆಗೆ 50 ಮಿಲಿಮೀಟರ್ ವೇಗದಲ್ಲಿ ಸುರಿದರೆ ಗಂಟೆಗೆ 7,500 ಲೀಟರು, ಅಂದರೆ ಸೆಕೆಂಡಿಗೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು. ಇಷ್ಟು ನೀರು ಹೊರಹೋಗಲು ನಮ್ಮಲ್ಲಿ ಇದ್ದದ್ದು ಮೂರಿಂಚಿನ ಎರಡೇ ಕೊಳವೆ, ಅದರಲ್ಲೂ ಒಂದು ಬಾವಿಯ ಕಡೆಗೆ ಎಂದು ಮೂರು ಕಡೆ ಮುರಿದು ತಿರುಗಿಸಿದ್ದು. ಎಲೆ ಇಲ್ಲದಿದ್ದರೂ ಆ ಒಳಮೂಲೆ ತುಂಬಿ ಹರಿಯಬೇಕಾದದ್ದೇ. ವರ್ಷವಿಡೀ ಮುಚ್ಚಳದ ಮೇಲೆ ಜಗಳವಾಡಿದ ನಮಗೆ ಕೊಳವೆಯ ಬಾಯಿ ಕಣ್ಣಿಗೆ ಬಿದ್ದಿರಲೇ ಇಲ್ಲ. ಗಟರ್ ಗಾರ್ಡ್ ಮಾರುವವರು ಕೊಳವೆಯ ಮಾತು ಯಾಕೆ ಎತ್ತುವುದಿಲ್ಲ ಎಂದು ಆಗ ಗೊತ್ತಾಯಿತು. ಅವರ ಹತ್ತಿರ ಕೊಳವೆ ಇರುವುದಿಲ್ಲ.

ತೀರ್ಪು ಕೊಟ್ಟವನು ಕೊನೆಗೆ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬಂದವನು ಮಳೆ ಜೋರಾಗಿ ಕೊಟ್ಟಿಗೆ ಜಗಲಿಯಲ್ಲಿ ನಿಂತಿದ್ದ. ಆರು ಪಾಲನ್ನೂ ನೋಡಿ ನಕ್ಕ. "ಅಯ್ಯಾ, ಇವೆಲ್ಲ ಎಲೆಯನ್ನು ಹಿಡಿದು ಕೂರಿಸೋ ಯೋಚನೆ. ಎಲೆ ಯಾಕೆ ಕೂರಬೇಕು? ಹಂಚಿನ ಮೇಲೆ ಜಾರಿಕೊಂಡು ಬಂದದ್ದು ಹಾಗೇ ಜಾರಿ ಅಂಗಳಕ್ಕೆ ಬೀಳಲಿ ಬಿಡಿ. ಕೂತರೂ ಕೆಳಗೆ ನಿಂತು ದೋಟಿಯಲ್ಲಿ ತಟ್ಟೋ ಹಾಗಿರಲಿ" ಎಂದ. ದಿನಾ ಮರದ ತುದಿಯಲ್ಲಿರುವ ಮನುಷ್ಯ, ಏಣಿ ಇಡಲೇಬಾರದು ಎನ್ನುವುದರಿಂದ ಶುರು ಮಾಡಿದ. ಸಮತಟ್ಟಾಗಿ ಮುಚ್ಚುವುದೇ ತಪ್ಪು, ಮಾಡಿನ ಇಳಿಜಾರನ್ನೇ ದಂಬೆಯ ಮೇಲೂ ಮುಂದುವರಿಸಬೇಕು ಎಂಬುದು ಅವನ ಮಾತಿನ ತಿರುಳು.

ಮರುಬೇಸಿಗೆಯಲ್ಲಿ ಅದನ್ನೇ ಮಾಡಿಸಿದೆವು. ತುಸು ದಪ್ಪದ ಅಲ್ಯುಮಿನಿಯಂ ಹಾಳೆಗೆ ಕಿರುಬೆರಳ ತುದಿಗಿಂತ ಸಣ್ಣ, ಐದಾರು ಮಿಲಿಮೀಟರಿನ ತೂತುಗಳು, ಒತ್ತೊತ್ತಾಗಿ. ಬಲೆಯಲ್ಲ, ತೂತು ಹೊಡೆದ ಗಟ್ಟಿ ಹಾಳೆ, ಹಾಗಾಗಿ ಜೋಲುವುದಿಲ್ಲ, ಮಂಗಕ್ಕೆ ಕೀಳಲು ಸಿಕ್ಕುವುದಿಲ್ಲ. ಹಿಂದಂಚು ಸೂರಿನ ಹಂಚಿನ ಅಡಿಗೆ ಸೇರುತ್ತದೆ, ಮುಂದಂಚು ದಂಬೆಯ ತುಟಿ ದಾಟಿ ಒಂದಿಷ್ಟು ಹೊರಕ್ಕೆ ಚಾಚಿ ಕೆಳಮುಖವಾಗಿ ನಿಲ್ಲುತ್ತದೆ. ಮಾರುದ್ದದ ತುಂಡುಗಳು, ಹಿಂದೆ ತಂತಿಯ ಕೀಲು. ಕೆಳಗಿನಿಂದ ದೋಟಿಯಲ್ಲಿ ಎತ್ತಿ ಬಿಟ್ಟರೆ ಮೇಲೆ ಕೂತ ಕಸ ಉದುರುತ್ತದೆ. ಸಣ್ಣ ಕಸ ಒಳಗೆ ಹೋಗುತ್ತದೆ. ಹೋಗಲಿ ಎಂದೇ ಬಿಟ್ಟಿದ್ದೇವೆ, ಕೊಳವೆ ದೊಡ್ಡದಿದ್ದರೆ ನೀರೇ ಅದನ್ನು ನೂಕಿಕೊಂಡು ಹೋಗಿ ಸೋಸುವ ತೊಟ್ಟಿಗೆ ಹಾಕುತ್ತದೆ, ತೊಟ್ಟಿ ನೆಲದ ಮೇಲಿದೆ.

ಕೊಳವೆಗಳನ್ನು 110 ಮಿಲಿಮೀಟರಿನವಕ್ಕೆ ಬದಲಿಸಿದೆವು, ಎರಡಿದ್ದದ್ದು ನಾಲ್ಕಾಯಿತು. ದಂಬೆಗೆ ಹತ್ತಡಿಗೆ ಒಂದಿಂಚಿನಷ್ಟು ವಾಟ ಕೊಟ್ಟು ಮತ್ತೆ ಕಟ್ಟಿಸಿದೆವು, ಹೊರತುಟಿ ತಗ್ಗಿಸಿ. ಒಳಮೂಲೆಗೆ ಮಾತ್ರ ಯಾವ ಮುಚ್ಚಳವೂ ಇಲ್ಲ. ಎರಡು ಮಾಡಿನ ನೀರು ಒಟ್ಟಾಗಿ ನುಗ್ಗುವ ಜಾಗಕ್ಕೆ ಯಾವ ಜಾಲರಿಯೂ ತಡೆಯುವುದಿಲ್ಲ. ಅಲ್ಲಿ ದಂಬೆಯ ಹೊರಗೆ ಎತ್ತರಕ್ಕೆ ಒಂದು ತಡೆತಗಡು ನಿಲ್ಲಿಸಿ, ನೇರ ಕೆಳಗೇ ಒಂದು ಕೊಳವೆ ಇಳಿಸಿದ್ದೇವೆ. ಮೊದಲ ಮಳೆಯ ಕೊಳೆನೀರು ಬಾವಿಗೆ ಹೋಗದ ಹಾಗೆ ಕೊಳವೆಗೊಂದು ಬಿರಡೆ. ಮೃಗಶಿರಾ ಹುಟ್ಟಿ ಮಾಡು ತೊಳೆದ ಮೇಲೆ ಅಪ್ಪಯ್ಯನೇ ಅದನ್ನು ತಿರುಗಿಸುತ್ತಾರೆ, ಬೇರೆಯವರಿಗೆ ಬಿಡುವುದಿಲ್ಲ. ಹಲಸಿನ ಮರದ ಒಂದು ಕೊಂಬೆ ಕಡಿಸಿದೆವು. ಮರ ಕಡಿಸಲು ಅಜ್ಜಿ ಬಿಡಲಿಲ್ಲ, ಬಿಟ್ಟಿದ್ದರೂ ನಾವು ಕಡಿಸುತ್ತಿರಲಿಲ್ಲ. ಅದರ ಬೀಜವೇ ತಾನೇ ನೀವೀಗ ತಿನ್ನುತ್ತಿರುವುದು.

ಹಾಗೆಂದು ಇದನ್ನೇ ಎಲ್ಲರೂ ಹಾಕಿಸಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ತಾರಸಿ ಮನೆ, ಪಕ್ಕದಲ್ಲಿ ಒಂದು ಹೊಂಗೆ ಮರ ಇರುವವರಿಗೆ ಈ ರಂಪವೆಲ್ಲ ಬೇಡ. ಕೊಳವೆಯ ಬಾಯಿಗೆ ಗುಮ್ಮಟದಾಕಾರದ ಜಾಲರಿಯೊಂದು ಸಾಕು. ಗುಮ್ಮಟದಾಕಾರವೇ ಇರಲಿ, ಚಪ್ಪಟೆ ಜಾಲರಿಗೆ ಒಂದು ಎಲೆ ಅಡ್ಡ ಬಿದ್ದರೂ ನೀರು ನಿಂತೀತು. ಹುಣಸೆ, ನುಗ್ಗೆಯಂಥ ಪುಟ್ಟ ಎಲೆಯ ಮರವಿದ್ದರೆ ನಮ್ಮ ತೂತಿನ ಹಾಳೆ ಕೆಲಸಕ್ಕೆ ಬರುವುದಿಲ್ಲ, ಮಳೆ ಕಡಿಮೆಯ ಊರಾದರೆ ಭಾವನ ಸಣ್ಣ ಜಾಲರಿಯೇ ಸರಿ. ನ್ಯೂಜೆರ್ಸಿಯ ಅವರ ಮನೆಯಲ್ಲಿ ಅದು ಇವತ್ತಿಗೂ ಚೆನ್ನಾಗಿಯೇ ಇದೆ. ತೆಂಗಿನ ಮರ ಸೂರಿಗೆ ತಾಗಿದ್ದರೆ ಮೊದಲು ಗಟ್ಟಿತನ ನೋಡಿ, ಒಂದು ಒಣ ಹೆಡೆ ಬಿದ್ದರೆ ಪ್ಲಾಸ್ಟಿಕ್ ಯಾವುದೂ ಉಳಿಯುವುದಿಲ್ಲ.

ಅಂಗಡಿಗೆ ಹೋಗುವ ಮುಂಚೆ ಒಂದು ಜೋರು ಮಳೆಯಲ್ಲಿ ಛತ್ರಿ ಹಿಡಿದು ಅಂಗಳದಲ್ಲಿ ನಿಂತು ನಿಮ್ಮ ಸೂರನ್ನು ನೋಡಿ. ನೀರು ಎಲ್ಲಿ ಹಾರುತ್ತದೆ, ಯಾವ ಎಲೆ ಬೀಳುತ್ತದೆ, ಕೊಳವೆ ಎಷ್ಟು ದಪ್ಪ, ಅಷ್ಟು ಗೊತ್ತಿದ್ದರೆ ಅಂಗಡಿಯವನು ನಿಮಗೆ ಸ್ಪಂಜು ಮಾರಲಾರ. ಹಾಕಿಸುವುದಾದರೆ ಶಿವರಾತ್ರಿ ಕಳೆದು ಯುಗಾದಿಯೊಳಗೆ ಹಾಕಿಸಿ. ರೋಹಿಣಿ ಹತ್ತಿರ ಬಂದ ಮೇಲೆ ನಮ್ಮ ಕಡೆ ವೆಲ್ಡಿಂಗಿನವನೂ ಸಿಗುವುದಿಲ್ಲ, ಹಂಚು ಸರಿಮಾಡುವವನೂ ಸಿಗುವುದಿಲ್ಲ.